ಹಳದಿ ವೈರು, ಬಿಳಿ ವೈರು, ಶಾಹಜಾದಬಿಯ ಒಪ್ಪಿಗೆ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಒಂದು ತುದಿಗೆ ಜಿಲಾನಸಾಬರ ಹಳೇ ವಿಸಿಆರ್ ಇದೆ. ಇನ್ನೊಂದು ತುದಿಗೆ ಗೋಡೆಗೆ ತೂಗುಹಾಕಿದ ಹೊಸ ಟಿವಿ. ನಡುವೆ ನಾನು, ನೆಲಕ್ಕೆ ಕೂತು, ವೈರು ಹಿಡಿದುಕೊಂಡು.

(ಮೊದಲ ಡ್ರಾಫ್ಟು ‘ಗಂಗಾವತಿಯಲ್ಲಿ ಅಂದು ತಂಗಾಳಿ ಬೀಸುತ್ತಿತ್ತು’ ಅಂತ ಶುರುವಾಗಿತ್ತು. ಗಂಗಾವತಿಯವರು ಯಾರೂ ನಂಬಲಿಲ್ಲ. ಹರಿದು ಹಾಕಿದೆ.)

೨

ಪರಿಚಯ ಮಾಡಿಕೊಡದಿದ್ದರೆ ನೀವು ಬೈಯುತ್ತೀರಿ. ಜಿಲಾನಸಾಬರು ನಮ್ಮ ಮನೆ ಮಾಲೀಕರು. ಕೆಳಗೆ ಅವರ ಸಂಸಾರ, ಮೇಲೆ ಬಾಡಿಗೆಗೆ ನಾನು. ಒಂದು ಕಾಲಕ್ಕೆ ವಿಸಿಆರ್ ಬಾಡಿಗೆಗೆ ಕೊಡುವುದೇ ಅವರ ದಂಧೆ. ಟಿವಿ, ವಿಸಿಆರ್, ಒಂದಿಷ್ಟು ಕ್ಯಾಸೆಟ್ಟು ಜೀಪಿನಲ್ಲಿ ಹೇರಿಕೊಂಡು ಬೇವೂರಿನ ತನಕ ಹೋಗಿ, ಊರ ಮಂದಿಗೆಲ್ಲ ಪಿಕ್ಚರ್ ತೋರಿಸಿ ಬರುತ್ತಿದ್ದರು.

ಅವರ ಹೆಂಡತಿ ಶಾಹಜಾದಬಿ. ತವರು ಇಲ್ಲೇ ಹತ್ತಿರದ ಮರಳಿ ಎಂಬ ಊರು. ಅವರಿಗೆ ಬೇಕಾಗಿರುವುದು ಇಷ್ಟೇ: ತಮ್ಮ ಮದುವೆಯ ಕ್ಯಾಸೆಟ್ಟಿನಲ್ಲಿ ತಮ್ಮದೇ ದನಿ ಕೇಳಬೇಕು.

ಯಾಕೆಂದರೆ, ನಿಕಾಹದ ದಿನ ಹುಡುಗಿಯ ಒಪ್ಪಿಗೆ ಕೇಳಲು ವಕೀಲರು ಬರುತ್ತಾರೆ. (ಕೋರ್ಟಿನವರಲ್ಲ, ಮನೆಯ ಹಿರಿಯರೊಬ್ಬರು. ಜೊತೆಗೆ ಇಬ್ಬರು ಸಾಕ್ಷಿಗಳು.) ಹುಡುಗಿ ಪರದೆಯ ಹಿಂದೆ ಇರುತ್ತಾಳೆ. ಅವತ್ತು ಬಾಯಿಬಿಟ್ಟು ‘ಕಬೂಲ್’ ಅಂದೆ ಎನ್ನುತ್ತಾರೆ ಶಾಹಜಾದಬಿ. ನೀನು ಬರೀ ಅಳುತ್ತ ಕೂತಿದ್ದೆ, ಪಕ್ಕದಲ್ಲಿದ್ದ ನಿಮ್ಮಕ್ಕ ಬಾಷಾಬಿ ‘ಅಂದ್ಲು ಅಂದ್ಲು’ ಅಂತ ವಕೀಲರನ್ನು ಸಾಗಹಾಕಿದಳು ಎನ್ನುತ್ತಾರೆ ಜಿಲಾನಸಾಬರು. ನಾಚಿ ಸುಮ್ಮನಿದ್ದರೂ ಅದು ಒಪ್ಪಿಗೆಯೇ ಅಂತ ಅವರಿಗೂ ಗೊತ್ತು. ಆದರೂ ಮನೆಗೆ ಯಾರೇ ಬರಲಿ, ನಮ್ಮದಿನ್ನೂ ಅರ್ಧಾ ಮದುವಿ ಅಂತ ನಗಿಸದೆ ಬಿಡುವುದಿಲ್ಲ.

(ಇದು ಎಷ್ಟು ವರ್ಷದಿಂದ ನಡೆದಿದೆ ಅಂತ ಬರೆದಿದ್ದೆ. ಶಾಹಜಾದಬಿ ಹೊಡೆದು ಹಾಕಿಸಿದರು. ಓದಿದವರು ಲೆಕ್ಕ ಹಾಕಿ ವಯಸ್ಸು ಹಿಡಿದುಬಿಡುತ್ತಾರಂತೆ.)

ಈಗ ಮಗಳು ಶಬೀನಾಳ ನಿಕಾಹ ಹತ್ತಿರ ಬಂದಿದೆ. ಹೊಸ ಬೀಗರ ಮುಂದೆ ಈ ಮಾತು ಏಳಬಾರದು. ಅಷ್ಟರೊಳಗೆ ಸಾಕ್ಷಿ ಬೇಕು ಅಂತ ಶಾಹಜಾದಬಿ ಪಟ್ಟು ಹಿಡಿದಿದ್ದಾರೆ.

೩

ಮನೆಯಲ್ಲಿ ಇವರಾಡುವುದು ದಖನಿ ಉರ್ದು, ನಾನು ಬರೆಯುತ್ತಿರುವುದು ಕನ್ನಡ. ತೊಂದರೆ ಇಲ್ಲವೇ ಅಂತ ಕೇಳಿದೆ. ನಾನು ಎದುರಿಗಿದ್ದಾಗ ಹೇಗೂ ಕನ್ನಡವೇ ಆಡುತ್ತಾರಂತೆ. ಎದುರಿಗಿಲ್ಲದಾಗ ಏನು ಆಡುತ್ತಾರೆ ಅನ್ನುವುದು ಕಥೆ ಬರೆಯುವವರಿಗೆ ಬೇಡದ ಸುದ್ದಿಯಂತೆ. ಒಪ್ಪಿಕೊಂಡೆ.

ಇನ್ನು ವೈರಿನ ವಿಷಯ. ವಿಸಿಆರಿನ ಹಿಂದೆ ಎರಡು ತೂತು. ಹಳದಿಯದು ಚಿತ್ರಕ್ಕೆ, ಬಿಳಿಯದು ಸದ್ದಿಗೆ. ಹೊಸ ಟಿವಿಗೆ ಇರುವುದು ಒಂದೇ ಸಣ್ಣ ತೂತು, ಅದಕ್ಕೆಂದೇ ಒಂದು ಕವಲು ವೈರನ್ನು ನಾನೇ ಆನ್‌ಲೈನ್‌ನಲ್ಲಿ ತರಿಸಿದ್ದೆ. ಅದರಲ್ಲಿ ಕೆಂಪಿನದೂ ಒಂದಿದೆ. ಕೆಂಪಿಗೆ ಇಲ್ಲಿ ಕೆಲಸವಿಲ್ಲ, ನನ್ನ ಹಾಗೆ ಸುಮ್ಮನೆ ನೇತಾಡುತ್ತದೆ.

ಕ್ಯಾಸೆಟ್ ಹಾಕಿದೆವು. ಒಂದಿಷ್ಟು ಗೆರೆ, ಆಮೇಲೆ ಮರಳಿಯ ಮನೆ. ಹೂವಿನ ಪರದೆ. ವಕೀಲರು ಬಗ್ಗಿ ಬಾಯಿ ಆಡಿಸಿದರು. ಸದ್ದಿಲ್ಲ.

ವೈರೇ ಹಾಳಾಗಿದೆ, ಬಿಟ್ಟುಬಿಡೋಣ ಅಂದರು ಜಿಲಾನಸಾಬರು. ನಾನು ಹಿಂದೆ ಕೈಹಾಕಿ ನೋಡಿದರೆ ಬಿಳಿಯದು ಕಳಚಿತ್ತು. ಒತ್ತಿ ಹಾಕಿದೆ. ಶಾಹಜಾದಬಿ ಕ್ಯಾಸೆಟ್ಟನ್ನು ಹಿಂದಕ್ಕೆ ಓಡಿಸಿದರು. ಮತ್ತೆ ಪರದೆ, ಮತ್ತೆ ವಕೀಲರು. ಮತ್ತೆ ಸದ್ದಿಲ್ಲ.

೩ (ಮತ್ತೆ)

ಓದುಗರೇ, ನಿಮಗೆ ಆಗಲೇ ಗೊತ್ತಾಗಿರಬೇಕು, ನನಗೇ ತಡವಾಗಿ ಹೊಳೆಯಿತು. ಕರೆಂಟೇ ನೆಟ್ಟಗಿರದ ಊರುಗಳಲ್ಲಿ ವಿಸಿಆರ್ ಓಡಿಸಿದ ಮನುಷ್ಯನಿಗೆ ಸ್ವಂತ ಮನೆಯಲ್ಲಿ ಒಂದು ಬಿಳಿ ವೈರು ನಿಲ್ಲಿಸಲು ಬರುವುದಿಲ್ಲವೇ? ಮೂರನೇ ಸಲ ನಾನು ಟಿವಿ ನೋಡಲಿಲ್ಲ, ಅವರ ಕೈ ನೋಡಿದೆ. ಪರದೆ ಬರುತ್ತಲೇ ಕೈ ಮೆಲ್ಲಗೆ ವಿಸಿಆರಿನ ಹಿಂದೆ ಹೋಗಿ ಬಿಳಿಯದನ್ನು ಕಳಚಿತು.

ಪಡಸಾಲೆಗೆ ಕರೆದು ಕೇಳಿದೆ. ನನ್ನ ಕಥೆ ಹಾಳು ಮಾಡುತ್ತಿದ್ದೀರಿ ಅಂತಲೂ ದಬಾಯಿಸಿದೆ.

“ನಿಮ್ಮ ಕಥಿ ಹೆಂಗರ ಆಗ್ಲಿರಿ ಸರ್ರ, ಆ ಬಿಳಿದೊಂದು ಹಚ್ಚಬ್ಯಾಡ್ರಿ,” ಅಂದರು. “ಅಂದಿಲ್ಲ, ಅಂದಿಲ್ಲ ಅಂತ ಚ್ಯಾಷ್ಟಿ ಮಾಡ್ಕೋತ ಬಂದೆ. ಖರೇನ ಅಂದಿರಲಿಲ್ಲಂದ್ರ ಏನ್ ಮಾಡ್ಲಿ?”

ನನ್ನ ಜೋರು ಇಳಿಯಿತು. ಇಷ್ಟು ದಿನ ಊರಿಗೆಲ್ಲ ಹಂಚಿದ್ದು ತಮಾಷೆಯಲ್ಲ, ಹೆದರಿಕೆ. ಕೇಳಿ ನನಗೆ ಪಿಚ್ಚೆನಿಸಿತು.

೫

(ನಾಲ್ಕರಲ್ಲಿ ಎರಡು ಮುಕ್ತಾಯ ಬರೆದಿದ್ದೆ. ಒಂದರಲ್ಲಿ ‘ಕಬೂಲ್’ ಸ್ಪಷ್ಟವಾಗಿ ಕೇಳಿಸುತ್ತದೆ, ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ. ಇನ್ನೊಂದರಲ್ಲಿ ಟೇಪು ಸಿಕ್ಕಿಕೊಂಡು ಹರಿಯುತ್ತದೆ. ಮೊದಲನೆಯದು ಸಾಬೂನಿನ ಜಾಹೀರಾತಿನಂತಿತ್ತು. ಎರಡನೆಯದು ಸೋಮಾರಿತನ. ಎರಡನ್ನೂ ತೆಗೆದೆ.)

ನಡೆದದ್ದೇ ಬೇರೆ. ಪಡಸಾಲೆಯ ಮಾತು ಶಾಹಜಾದಬಿಗೆ ಕೇಳಿಸಿತ್ತು. ಬಂದು ಬಾಗಿಲಲ್ಲಿ ನಿಂತರು. ಒಳಗೆ ಟಿವಿ ಆಗಲೇ ಆರಿತ್ತು.

“ಅವತ್ತ ಕೇಳಿದವರು ವಕೀಲರು,” ಅಂದರು. “ನೀವೆಲ್ಲಿ ಕೇಳೀರಿ? ಈಗ ಕೇಳ್ರಿ.”

ಜಿಲಾನಸಾಬರು ನನ್ನ ಕಡೆ ನೋಡಿದರು. ಈ ಸಾಲನ್ನು ಅಳಿಸಿಬಿಡಿ ಅನ್ನುವ ಹಾಗೆ. ನಾನು ಅಳಿಸಲಿಲ್ಲ, ಲೇಖಕನಾಗಿ ಇವತ್ತು ಮಾಡಿದ ಒಂದೇ ಕೆಲಸ ಅದು. ಕೊನೆಗೆ ಅವರು ಟೊಪ್ಪಿಗೆ ಸರಿಮಾಡಿಕೊಂಡು, ನೆಲ ನೋಡುತ್ತ, ನನಗೂ ಕೇಳದಷ್ಟು ಸಣ್ಣ ದನಿಯಲ್ಲಿ ಒಪ್ಪಿಗೆ ಕೇಳಿದರು.

“ವಿಚಾರ ಮಾಡಿ ಹೇಳ್ತೀನಿ,” ಅಂತ ಶಾಹಜಾದಬಿ ಅಕ್ಕಿ ಹಸನು ಮಾಡಲು ಒಳಗೆ ಹೋದರು.

೬

ನಾನು ಮೇಲೆ ಬಂದಿದ್ದೇನೆ. ಬಿಳಿ ವೈರು ಕೆಳಗೆ ಹಾಗೆಯೇ ಬಿದ್ದಿದೆ, ಹಚ್ಚಿ ನೋಡುವ ಚಪಲ ಇದ್ದವರು ಹೋಗಿ ಹಚ್ಚಿಕೊಳ್ಳಬಹುದು. ನಾನಂತೂ ಹಚ್ಚುವುದಿಲ್ಲ. ಮುಕ್ತಾಯ ಬೇಕು ಅಂತ ಸಂಪಾದಕರು ಫೋನ್ ಮಾಡಿದ್ದರು. ಅದು ನನ್ನ ಕೈಯಲ್ಲಿಲ್ಲ ಅಂತ ಹೇಳಿಬಿಟ್ಟೆ. ಸಂಜೆ ಹೊಸ ಬೀಗರು ಬಂದು ಚಹಾ ಕುಡಿದು ಹೋದರು. ಅರ್ಧಾ ಮದುವಿಯ ಮಾತು ಏಳಲೇ ಇಲ್ಲ.

ಅವರನ್ನು ಗೇಟಿನ ತನಕ ಕಳಿಸಿ ಬಂದ ಜಿಲಾನಸಾಬರು ಅಡುಗೆಮನೆಯ ಬಾಗಿಲಿಗೆ ನಿಂತದ್ದು ಮೆಟ್ಟಿಲಿನಿಂದ ನನಗೆ ಕಾಣಿಸಿತು.

“ಆತೇನು ವಿಚಾರ?”

“ಇನ್ನೂ ಇಲ್ರಿ.”