ಎಸೆಯದೆ ಉಳಿದ ಮಾತು

ಪರದೆಯ ಪಕ್ಕದ ಕತ್ತಲೆಯಲ್ಲಿ ನಿಂತು, ನಟರು ಮಾತು ಮರೆತಾಗ ಪಿಸುದನಿಯಲ್ಲಿ ನೆನಪಿಸಿಕೊಡುವುದು ಅತ್ತೆಯ ಕಸುಬು. ಯಾರಿಗೆ ಅತ್ತೆ ಎಂದು ಕೇಳಬೇಡಿ, ನಾಟಕದವರಿಗೆಲ್ಲ ಅತ್ತೆಯೇ. ವೇದಿಕೆಯ ಮೇಲೆ ಒಂದು ಉಸಿರಿನಷ್ಟು ಮೌನ ಬಿದ್ದರೆ ಸಾಕು, ಅವರ ಬಾಯಿಂದ ಮುಂದಿನ ಪದ ಹಾರಿರುತ್ತಿತ್ತು. ‘ಮಾತು ಎಸೆಯೋದು’ ಅಂತ ಅದಕ್ಕೆ ಅವರದೇ ಹೆಸರು. ಎಂಥೆಂಥ ಘಟಾನುಘಟಿಗಳ ಮಾನ ಉಳಿಸಿದ ಬಾಯಿ ಅದು!

ಆ ಸಲ ಶಾಲೆಯ ಮಕ್ಕಳ ನಾಟಕಕ್ಕೆ ಅವರನ್ನು ಕರೆದಿದ್ದರು. ನ್ಯಾಯಾಧೀಶೆಯ ಪಾತ್ರದ ಹುಡುಗಿ ಗಾಲಿಕುರ್ಚಿಯಲ್ಲಿ ಓಡಾಡುವವಳು. ಎಲ್ಲರೂ ಅವಳನ್ನು ಜಡ್ಜಮ್ಮ ಎಂದೇ ಕರೆಯುತ್ತಿದ್ದರು. ಬಡಗಿ ವೇದಿಕೆಗೆ ಅಗಲವಾದ ಇಳಿಜಾರು ಹಲಗೆ ಜೋಡಿಸಿಕೊಟ್ಟಿದ್ದ. ಉಳಿದ ಮಕ್ಕಳೂ ಅದರ ಮೇಲೆಯೇ ದಡದಡ ಓಡಿ ಮೆಟ್ಟಿಲನ್ನು ಮರೆತೇಬಿಟ್ಟಿದ್ದರು.

ಹೀಗೆ ಗಾಲಿಗೆ ದಾರಿಯಾಯಿತು. ಮಾತಿಗೆ ಇನ್ನೂ ಆಗಬೇಕಿತ್ತು. ಹುಟ್ಟಿನಿಂದಲೂ ಜಡ್ಜಮ್ಮನ ಸ್ನಾಯುಗಳು ಅವಳು ಹೇಳಿದಂತೆ ಕೇಳುವುದಿಲ್ಲ. ಒಂದು ಪದ ಹೊರಡಬೇಕಾದರೆ ಮೊದಲು ಭುಜ ಏಳಬೇಕು, ಕುತ್ತಿಗೆ ತಿರುಗಬೇಕು, ಆಮೇಲೆ ಬಾಯಿ. ತಡವಾಗಿ ಬಂದರೂ ಗಟ್ಟಿಮುಟ್ಟಾಗಿ ಬರುತ್ತಿತ್ತು.

ತಾಲೀಮಿನಲ್ಲಿ ಅವಳು “ಆರೋಪಿಯನ್ನು” ಎಂದು ನಿಂತಳೋ ಇಲ್ಲವೋ, ಅತ್ತೆ “ಕರೆಯಿರಿ” ಎಂದು ಎಸೆದರು. ಮರುದಿನವೂ ಅದೇ. ಅದರ ಮರುದಿನವೂ ಅದೇ.

“ಅತ್ತೇ, ನಂಗೆ ಮರ್ತಿಲ್ಲ,” ಎಂದಳು ಜಡ್ಜಮ್ಮ.

“ಗೊತ್ತು ಕಂದಾ. ಏನ್ ಮಾಡ್ಲಿ, ಈ ಬಾಯಿ ನನ್ನ ಮಾತು ಕೇಳಲ್ಲ.”

“ಹಾಗಾದ್ರೆ ಇಬ್ರಿಗೂ ಒಂದೇ ಕಾಯಿಲೆ ಬಿಡಿ!” ಎಂದ ಕಳ್ಳನ ಪಾತ್ರದ ಹುಡುಗ. ಎಲ್ಲರೂ ಗೊಳ್ಳೆಂದು ನಕ್ಕರು, ಜಡ್ಜಮ್ಮನೂ ನಕ್ಕಳು. ನಗು ಮುಗಿದ ಮೇಲೆ ಅವಳ ಭುಜ ಮೇಲೆದ್ದಿತು.

“ನೀವು ಎಸೆದ್ರೆ ಅದು ನಿಮ್ಮ ಮಾತಾಗತ್ತೆ. ಚಿಕ್ಕವಳಿದ್ದಾಗಿಂದ ಎಲ್ರೂ ನನ್ನ ಮಾತು ಅವರೇ ಮುಗಿಸ್ತಾರೆ. ಇಲ್ಲಾದ್ರೂ ನಾನು ಮುಗಿಸ್ಬೇಕು. ನಾಟಕದ ದಿನ ಒಂದು ಪದ ಎಸೆದ್ರೂ ನಾನು ಅಲ್ಲಿಂದಾನೇ ಮನೆಗೆ. ಮತ್ತೆ ಈ ಕಡೆ ತಲೆ ಹಾಕಲ್ಲ.”

ಇಷ್ಟು ಹೇಳಲು ಅವಳಿಗೆ ಎಷ್ಟೋ ಹೊತ್ತು ಹಿಡಿಯಿತು. ಅತ್ತೆ ನಡುವೆ ಎರಡು ಸಲ ಬಾಯಿ ತೆರೆದು ಎರಡು ಸಲವೂ ಮುಚ್ಚಿಕೊಂಡರು.

ನಾಟಕದ ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಕೊನೆಯ ದೃಶ್ಯ. ಕಳ್ಳ ಕೈಕಟ್ಟಿ ನಿಂತಿದ್ದಾನೆ. ನಗರದ ಗಡಿಯಾರ ಕದ್ದವನಿಗೆ ತೀರ್ಪು ಬರಬೇಕು.

“ಈ ಮನುಷ್ಯನನ್ನು,” ಎಂದಳು ಜಡ್ಜಮ್ಮ. ಮಾತು ಅಲ್ಲಿಗೆ ನಿಂತಿತು.

ಅತ್ತೆಯ ನಾಲಿಗೆ ಅಭ್ಯಾಸಬಲದಿಂದ ಮೇಲೆದ್ದಿತು. ಅವರು ಅಂಗೈಯಿಂದ ಬಾಯಿ ಒತ್ತಿ ಹಿಡಿದರು. ಜಡ್ಜಮ್ಮನ ಭುಜ ಏಳುತ್ತಿತ್ತು. ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಆಮೇಲೆ ಆ ಕೆಮ್ಮೂ ಇಲ್ಲ. ಕಳ್ಳನ ಪಾತ್ರದ ಹುಡುಗ ನಟಿಸುವುದನ್ನು ಬಿಟ್ಟು ಸುಮ್ಮನೆ ಅವಳ ಮುಖ ನೋಡುತ್ತಿದ್ದ. ಹಿಂದಿನ ಸಾಲಿನವರು ಒಬ್ಬೊಬ್ಬರಾಗಿ ಮುಂದಕ್ಕೆ ಬಾಗಿದರು. ಅಷ್ಟು ದೊಡ್ಡ ಸಭಾಂಗಣ ಒಂದೇ ಎದೆಯಾಗಿ ಉಸಿರು ಹಿಡಿದಿತ್ತು. ಕುತ್ತಿಗೆ ಮೆಲ್ಲಗೆ ತಿರುಗಿತು. ಒಬ್ಬ ಮನುಷ್ಯನನ್ನು ಶಿಕ್ಷಿಸುವುದೋ ಬಿಡುವುದೋ ಎಂಬ ಮಾತಿಗೆ ಇಷ್ಟು ಭಾರ ಇರುತ್ತದೆಂದು ಅತ್ತೆಗೆ ಈವರೆಗೆ ಯಾವ ನ್ಯಾಯಾಧೀಶನೂ ತೋರಿಸಿರಲಿಲ್ಲ. ಗಡ್ಡ ಅಂಟಿಸಿಕೊಂಡ ಎಷ್ಟು ಜನ ಪಟಪಟನೆ ತೀರ್ಪು ಒದರಿ ಹೋಗಿದ್ದರು!

ಬಾಯಿಯ ಮೇಲಿದ್ದ ಕೈ ಯಾವಾಗಲೋ ಕೆಳಗಿಳಿದಿತ್ತು. ಅವರಿಗೆ ಅದರ ಅರಿವಿರಲಿಲ್ಲ.

“ಬಿಟ್ಟುಬಿಡಿ.”

ಚಪ್ಪಾಳೆ ತಕ್ಷಣ ಬರಲಿಲ್ಲ. ಎಲ್ಲರೂ ಮೊದಲು ಉಸಿರು ಬಿಡಬೇಕಿತ್ತು. ಆಮೇಲೆ ಬಂದದ್ದು ಪರದೆ ಬಿದ್ದರೂ ನಿಲ್ಲಲಿಲ್ಲ.

ಅತ್ತೆ ವೇದಿಕೆಗೆ ಬಂದು ಗಾಲಿಕುರ್ಚಿಯ ಮುಂದೆ ಕುಕ್ಕರಿಸಿದರು.

“ತುಂಬಾ ಕಷ್ಟ ಆಯ್ತಾ ಅತ್ತೇ, ಬಾಯಿ ಹಿಡ್ಕೊಳ್ಳೋಕೆ?”

“ಮೊದಮೊದ್ಲು ಆಯ್ತಮ್ಮ. ಆಮೇಲೆ...” ಅತ್ತೆಯ ಕಣ್ಣುಗಳು ಇನ್ನೂ ಅಗಲವಾಗಿಯೇ ಇದ್ದವು. “ನಾಟಕವೆಲ್ಲ ನಂಗೆ ಬಾಯಿಪಾಠ ಕಣೇ. ಆದ್ರೂ ನೀನು ಏನ್ ಹೇಳ್ತೀಯ ಅಂತ ನಂಗೆ ಗೊತ್ತೇ ಇರ್ಲಿಲ್ಲ.”

ಜಡ್ಜಮ್ಮ ಏನೋ ಉತ್ತರ ಹೇಳಲು ಹೊರಟಳು. ಅಷ್ಟರಲ್ಲಿ ನಾಟಕದ ಮೇಷ್ಟ್ರು ಹೂವಿನ ಗುಚ್ಛ ಹಿಡಿದು, “ಏನಂದ್ಲು? ಖುಷಿ ಆಯ್ತು ಅಂದ್ಲಾ?” ಎನ್ನುತ್ತ ಓಡಿಬಂದರು.

“ಶ್!” ಎಂದರು ಅತ್ತೆ. “ಸುಮ್ನಿರಪ್ಪ. ಅವಳಿನ್ನೂ ಹೇಳ್ತಾ ಇದ್ದಾಳೆ.”