ಹೊಂಗೆಗೆ ಕಟ್ಟಿದ ಉಸಿರು

1

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. "ಒಂದೂರಿನಲ್ಲಿ ಒಂದು ಮರವಿತ್ತು" ಎಂದರೆ ಆಕಳಿಸುತ್ತೀರಿ. "ಓಝೋನ್" ಎಂದರೆ ಪುಟವನ್ನೇ ಮಗುಚುತ್ತೀರಿ. ಹೋಗಲಿ, ಬಸ್ಸಿನಿಂದ ಶುರು ಮಾಡೋಣ. ಬಸ್ಸಿಗೆ ಕಾಯದವರು ಯಾರಿದ್ದಾರೆ?

2

ಎರಡು ಸಾವಿರದ ನಾಲ್ಕನೇ ಇಸವಿ, ಬಿರುಬೇಸಿಗೆ. ಮೊಳಕಾಲ್ಮುರು ತಾಲೂಕಿನ ದೇವಸಮುದ್ರದ ಸ್ಟಾಪಿನಲ್ಲಿ ಸ್ವಪ್ನ ಬಸ್ಸಿಳಿದಳು. ಚಳ್ಳಕೆರೆಯ ಎಣ್ಣೆ ಗಿರಣಿಗಳ ಹಿಂಡಿ ವಾಸನೆಯಲ್ಲಿ ಬೆಳೆದವಳು, ಆಗ ಯೂನಿವರ್ಸಿಟಿಯಲ್ಲಿ ಗಾಳಿಯ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. (ನಕ್ಕದ್ದು ಅವಳಪ್ಪ, ನಾನಲ್ಲ.)

ಸ್ಟಾಪಿನ ಹೊಂಗೆಮರದ ಕೊಂಬೆಯೊಂದಕ್ಕೆ, ಎಲೆಗಳು ಒಳಗಿರುವಂತೆ, ಅವಳು ಪ್ಲಾಸ್ಟಿಕ್ ಚೀಲ ಕಟ್ಟಿದಳು. ಬಿಸಿಲೇರಿದಂತೆ ಎಲೆಗಳು ಐಸೊಪ್ರೀನ್ ಎಂಬ ಅನಿಲ ಬಿಡುತ್ತವೆ. ಅದೊಂದೇ ಆದರೆ ಅಂಥ ತೊಂದರೆಯಿಲ್ಲ. ಬಸ್ಸು, ಲಾರಿಗಳ ಹೊಗೆಯೊಡನೆ ಸೇರಿ ಬಿಸಿಲಲ್ಲಿ ಬೆಂದರೆ ಓಝೋನ್, ಎದೆ ಉರಿಸುವ ಗಾಳಿ. ಅನಿಲವನ್ನು ಚೀಲದಲ್ಲಿ ಹಿಡಿದು, ಎಲೆಯ ಪಾಲು ಎಷ್ಟೆಂದು ಅಳೆಯುವುದು ಅವಳ ಕೆಲಸ.

ಮರದ ನೆರಳಲ್ಲಿ ಕುರಿ ತಂಗಿಸಿದ್ದ ಕೊಲ್ಲಾಪುರಮ್ಮ ಎದ್ದು ಬಂದು ಕೇಳಿದಳು: "ಏನವ್ವಾ, ಹರಕೆನಾ?"

ಸ್ವಪ್ನಳ ಬಾಯಿ ಒಣಗಿತ್ತು. ಯಾರು ವಿವರಿಸುತ್ತಾರೆ? "ಹೂಂ, ಹಂಗೇ ಅಂದ್ಕೊಳ್ರಿ."

(ನನ್ನ ಪ್ಲಾನ್ ಬೇರೆಯೇ ಇತ್ತು. ಈರೇಶ್ ಎಂಬ ಕಂಡಕ್ಟರ್, ಒಂದು ಲವ್ ಸ್ಟೋರಿ. ಈ ಒಂದು 'ಹೂಂ' ಎಲ್ಲಾ ಕೆಡಿಸಿತು. ಪಾಪ, ಈರೇಶನನ್ನು ಗೀಟೆಳೆದು ಹೊಡೆದು ಹಾಕಿದ್ದೇನೆ.)

3

ಮುಂದಿನ ಸಲ ಬಂದರೆ, ಅಯ್ಯೋ ದೇವರೇ, ಮರದ ತುಂಬ ಚೀಲ! ಕ್ಯಾರಿಬ್ಯಾಗು, ಹಾಲಿನ ಕವರು, ಬಟ್ಟೆಯಂಗಡಿಯ ಕವರು. ಮಕ್ಕಳಾಗದವರು, ಮದುವೆ ಕೂಡಿಬರದವರು ಎಲ್ಲರೂ ಗಂಟು ಹಾಕಿ ಕೈಮುಗಿದು ಹೋಗಿದ್ದರು. ಹರಕೆಗೆ ಬಟ್ಟೆ ಕಟ್ಟುತ್ತಿದ್ದ ಜನ. ಓದಿದ ಹುಡುಗಿಯೇ ಪ್ಲಾಸ್ಟಿಕ್ ಕಟ್ಟಿದ ಮೇಲೆ ಬಟ್ಟೆ ಯಾರಿಗೆ ಬೇಕು? ಚೀಲಗಳೊಳಗೆ ಎಲೆಗಳು ಬೆಂದ ಸೊಪ್ಪಿನಂತಾಗಿದ್ದವು. ಸ್ವಪ್ನಳಿಗೆ ಅಳುವೇ ಬಂತು.

ಎಲ್ಲಾ ಬಿಚ್ಚಿಸಬೇಕು ಎನ್ನುವಷ್ಟರಲ್ಲಿ ಮಲ್ಲಿಕಾರ್ಜುನಪ್ಪ ಬಂದ. ರಸ್ತೆ ಅಗಲ ಮಾಡುವ ಕಂಟ್ರಾಕ್ಟರು. ಕಡಿಯಲೆಂದು ಮರಕ್ಕೆ ಆಗಲೇ ನಂಬರು ಬರೆಸಿದ್ದ.

"ಹರಕೆ ಮರ ಅಂತ ನಮ್ಮ ಆಳುಗಳು ಕೊಡಲಿ ಮುಟ್ತಿಲ್ಲ ಮೇಡಂ. ಮರ ಕೆಟ್ಟ ಗಾಳಿ ಬಿಡ್ತೈತೆ ಅಂತ ನೀವೇ ಕಂಡುಹಿಡಿದೀರಂತಲ್ಲ? ನಿಮ್ಮ ಚೀಲ ಹರಕೇದಲ್ಲ ಅಂತ ಜನರ ಮುಂದೆ ಒಂದು ಮಾತು ಅಂದ್ಬಿಡ್ರಿ, ಸಾಕು."

ನಿಜ ಹೇಳಿದರೆ ಕೊಡಲಿ. ಸುಮ್ಮನಿದ್ದರೆ ಪ್ಲಾಸ್ಟಿಕ್. ಎರಡರಲ್ಲೂ ಸಾಯುವುದು ಮರವೇ.

ಮತ್ತೆ 3

"ಏನ್ ಸಾರ್, ನನ್ನನ್ನ ಹಿಂಗೆ ಸಿಕ್ಕಿಸಿ ಆರಾಮಾಗಿ ಕೂತಿದೀರಾ?" ಸ್ವಪ್ನ ನನ್ನನ್ನೇ ತರಾಟೆಗೆ ತೆಗೆದುಕೊಂಡಳು.

"ತಗೋ, ಒಂದು ಮುಕ್ತಾಯ. ದುಪಟ್ಟಾ ಹರಿದು, ಚೀಲ ಬಿಚ್ಚಿದ ಕಡೆಯೆಲ್ಲ ಬಟ್ಟೆ ಕಟ್ಟು. ಜನ ಚಪ್ಪಾಳೆ ತಟ್ಟಲಿ."

"ಥೂ, ಟಿವಿ ಸೀರಿಯಲ್ಲು! ಇಷ್ಟು ದೊಡ್ಡ ಮರಕ್ಕೆ ನಂದೊಂದು ದುಪಟ್ಟಾನಾ?"

"ಸರಿ, ಮಳೆಗಾಳಿ ಎದ್ದು ಚೀಲಗಳೆಲ್ಲ ಹಾರಿ..."

"ಮೊಳಕಾಲ್ಮುರಿನಾಗೆ, ಈ ಬಿಸಿಲಾಗೆ? ಸುಮ್ನಿರ್ರಿ ಸಾರ್."



7

(4, 5, 6 ಹರಿದು ಹಾಕಿದೆ. ಅವುಗಳಲ್ಲಿ ಎಲ್ಲರೂ ಭಾಷಣ ಮಾಡುತ್ತಿದ್ದರು.)

ಸ್ವಪ್ನ ಯಾರ ಅಪ್ಪಣೆಗೂ ಕಾಯದೆ ಕೈಗೆಟುಕಿದ ಚೀಲದ ಗಂಟಿಗೆ ಕೈಹಾಕಿದಳು. ಕೊಲ್ಲಾಪುರಮ್ಮ ಓಡಿಬಂದು ಮಣಿಕಟ್ಟು ಹಿಡಿದಳು.

"ಬಿಚ್ಚಬ್ಯಾಡ ಕಣವ್ವಾ! ನನ್ನ ಮೊಮ್ಮಗಳು ರಶ್ಮಿತಂದು ಅದು. ಉಬ್ಬಸ ಬಂದ್ರೆ ಕೂಸು ಮಲಗಂಗಿಲ್ಲ, ಗೋಡೆಗೆ ಒರಗಿ ಕೂತಿರ್ತೈತೆ. ಅವಳ ಕೈಲೇ ಊದಿಸಿ ಕಟ್ಟೀನಿ. ಅವಳ ಉಸಿರು ಐತೆ ಅದ್ರಾಗೆ."

ಕುರಿಗಳ ನಡುವೆ ಕೂತಿದ್ದ ರಶ್ಮಿತಾ ತಲೆಯೆತ್ತಿ ನೋಡಿದಳು.

"ಅಮ್ಮಾ, ಮರದ ಗಾಳಿ ಬಸ್ಸಿನ ಹೊಗೆ ಜತೆ ಸೇರಿದ್ರೆ..." ಸ್ವಪ್ನ ತಡವರಿಸಿದಳು.

"ಅದೆಲ್ಲ ಆಮ್ಯಾಕೆ ಹೇಳುವಂತೆ. ನೀನು ಹೂಂ ಅಂದಿದ್ದಕ್ಕೇ ಕಟ್ಟಿದ್ದು ನಾನು. ಇದು ಹರಕೆ ಹೌದೋ ಅಲ್ವೋ?"

ಮಲ್ಲಿಕಾರ್ಜುನಪ್ಪ ಫೋನನ್ನು ಜೇಬಿಗಿಳಿಸಿ, ಉತ್ತರ ಕೇಳಲು ಹತ್ತಿರ ಬಂದ.

ನನ್ನ ಮುಖ ನೋಡಬೇಡಿ. ಹೌದು ಎಂದು ಬರೆದು ನೋಡಿದೆ, ಅಲ್ಲ ಎಂದೂ ಬರೆದು ನೋಡಿದೆ. ಎರಡನ್ನೂ ಹೊಡೆದು ಹಾಕಿದೆ. ಸ್ವಪ್ನ ಗಂಟು ಬಿಚ್ಚಲೂ ಇಲ್ಲ, ಕೈ ತೆಗೆಯಲೂ ಇಲ್ಲ. ಚಳ್ಳಕೆರೆ ಬಸ್ಸು ಬಂದು ಮರದಡಿ ನಿಂತಿತು. ಡ್ರೈವರು ಇಂಜಿನ್ ಆಫ್ ಮಾಡದೆ ಟೀ ಕುಡಿಯಲು ಇಳಿದು ಹೋದ. ರಶ್ಮಿತಾ ಕೆಮ್ಮತೊಡಗಿದಳು.