ಗೋಡೆಯೊಳಗಿನ ಸದ್ದು

ಪೇಂಟರ್ ಕೊನೆಗೂ ತನ್ನ ಮನೆಗೆ ಬಣ್ಣ ಬಳಿಯುತ್ತಿದ್ದ. “ದೀಪದ ಬುಡದಲ್ಲೇ ಕತ್ತಲು ಅನ್ನೋ ಮಾತು ನಿಮ್ಮನ್ನ ನೋಡಿಯೇ ಹುಟ್ಟಿರಬೇಕು” ಎಂದು ಹೆಂಡತಿ ವರ್ಷಗಟ್ಟಲೆ ಹಂಗಿಸಿದ್ದಳು. ಅದಕ್ಕೇ ಹಿತ್ತಲ ಗೋಡೆಯನ್ನು ಮೈಯೆಲ್ಲ ಕಣ್ಣಾಗಿ ಉಜ್ಜಿದ್ದ. ಬಿರುಕುಗಳಿಗೆ ಪುಟ್ಟಿ ಮೆತ್ತಿದ್ದ. ಕಿಟಕಿ ಪಕ್ಕದ, ಬೆರಳು ತೂರುವಷ್ಟಿದ್ದ ತೂತನ್ನೂ ಮುಚ್ಚಿ, ಆಗತಾನೇ ಹಳದಿ ಬಣ್ಣ ಎಳೆದಿದ್ದ.

ಹೊಲಿಗೆ ಅಂಗಡಿಯಿಂದ ಬಂದ ಹೆಂಡತಿ ಗೋಡೆ ನೋಡಿ ಬಿಳಿಚಿಕೊಂಡಳು.

“ರೀ, ಅಲ್ಲೊಂದು ತೂತಿತ್ತಲ್ಲ?”

“ಮುಚ್ಚಿದೆ. ಬರೀ ನೊಣ ಓಡಾಡ್ತಿದ್ವು.”

“ನೊಣ ಅಲ್ಲ, ಜೇನು! ಕೊಂಡಿಯಿಲ್ಲದ ಸಣ್ಣ ಜೇನು. ನನ್ನ ಹಾಗಲ ಬಳ್ಳೀಲಿ ಕಾಯಿ ಕಚ್ಚೋದೇ ಅವುಗಳಿಂದ.”

“ಮಗು ಆಡೋ ಜಾಗ ಕಣೇ ಇದು. ಗೋಡೇಲಿ ಜೇನು ಸಾಕ್ತಾರಾ ಯಾರಾದ್ರೂ?”

“ಇಷ್ಟು ದಿನ ಆಡಿದ್ದಾಳಲ್ಲ, ಏನಾದ್ರೂ ಆಯ್ತಾ?”

“ಹೋಗ್ಲಿ ಬಿಡು, ಇನ್ನೊಂದು ಗೋಡೆ ಹುಡುಕ್ಕೊಳ್ತವೆ.”

“ಹೊರಗಿರೋವು ಹುಡುಕ್ಕೊಳ್ಳಬಹುದು. ಒಳಗಿರೋವು?”

ಒಳಗೂ ಇರಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ. ಗೋಡೆಯ ಹತ್ತಿರ ಹೋದ. ಹಸಿ ಬಣ್ಣಕ್ಕೆ ಅಂಟಿದ್ದ ಕಪ್ಪು ಚುಕ್ಕೆಗಳನ್ನು ಧೂಳೆಂದುಕೊಂಡಿದ್ದ. ಅವು ಕಾಲಾಡಿಸುತ್ತಿದ್ದವು. ಕಾಲಲ್ಲಿ ಪರಾಗ ಹೊತ್ತು ಬಂದ ಇನ್ನಷ್ಟು ಜೇನುಗಳು ತಮ್ಮ ಗೂಡಿನ ಬಾಗಿಲಿದ್ದ ಜಾಗಕ್ಕೇ ಮತ್ತೆ ಮತ್ತೆ ಡಿಕ್ಕಿ ಹೊಡೆಯುತ್ತಿದ್ದವು. ಕೆನ್ನೆಗೆ ಬಣ್ಣ ಮೆತ್ತಿದರೂ ಲೆಕ್ಕಿಸದೆ ಗೋಡೆಗೆ ಕಿವಿಯಿಟ್ಟ.

ಒಳಗಿಂದ ಸಣ್ಣಗೆ ಗುಂಯ್ ಎಂಬ ಸದ್ದು.

ಒಂದಿಡೀ ಸಂಸಾರವನ್ನು ತನ್ನ ಕೈಯಾರೆ ಜೀವಂತ ಹೂತಿದ್ದ. ಸ್ಕ್ರೂಡ್ರೈವರ್ ಹಿಡಿದು ಪುಟ್ಟಿ ಕೆದಕಿದ. ಅಂಗೈಯಗಲದ ಬಣ್ಣ ಕಿತ್ತು ಬಂತು. ಮೊದಲು ಒಂದು ಜೇನು ತಡವರಿಸುತ್ತ ಹೊರಬಂತು, ಹಿಂದೆಯೇ ಗುಂಪು.

“ಅಬ್ಬಾ!” ಎಂದಳು ಹೆಂಡತಿ.

ಇಷ್ಟು ವರ್ಷಗಳಲ್ಲಿ ಮುಚ್ಚಿದ ತೂತುಗಳೆಲ್ಲ ಒಂದೊಂದಾಗಿ ಅವನ ಕಣ್ಣ ಮುಂದೆ ಬರತೊಡಗಿದ್ದವು.

ಮರುದಿನ ಜೇನುಗಳು ಓಡಾಡಲೆಂದು ತೂತಿನ ಬಾಯಿಗೆ ತುಂಡು ಪೈಪ್ ಕೂರಿಸಿ, ಸುತ್ತ ನಾಜೂಕಾಗಿ ಬಣ್ಣ ತೀಡಿದ.

ಮುಂದಿನ ವಾರ ಹೊಸ ಕೆಲಸ. ಮನೆಯೊಡತಿ ಕಾಂಪೌಂಡ್ ಗೋಡೆ ತೋರಿಸಿ, “ಈ ತೂತುಗಳನ್ನೆಲ್ಲ ಇವತ್ತೇ ಮುಚ್ಚಿಬಿಡಿ” ಎಂದಳು.

ಪೇಂಟರ್ ಪುಟ್ಟಿ ಡಬ್ಬಿಯನ್ನು ಕೆಳಗಿಟ್ಟ.

“ಒಂದು ನಿಮಿಷ ಅಮ್ಮಾ” ಎಂದು, ಗೋಡೆಗೆ ಕಿವಿಯಿಟ್ಟ.